ತುಂಗಜ್ಜಿಯ ಇಕ್ಕಳ

ನಮ್ಮ ಯಜಮಾನರು ನನ್ನ ಮೇಲೆ ನಿಜವಾಗಿ ಸಿಟ್ಟಾದದ್ದು ಒಂದೇ ಸಲ, ಅದೂ ಒಂದು ಹಿಡಿ ಹುಣಸೆಹಣ್ಣಿನ ವಿಷಯಕ್ಕೆ. ಯುಗಾದಿಯ ಹಿಂದಿನ ದಿನ ಮನೆಯ ಹಿತ್ತಾಳೆ ಸಾಮಾನನ್ನೆಲ್ಲ ಹಿತ್ತಲಿಗೆ ಹೊತ್ತು ತಂದು ಬೆಳಗುತ್ತಿದ್ದೆ. ಅವರ ಕೋಣೆಯ ಬಾಗಿಲು ತೆರೆದಿತ್ತು. ಕಪಾಟಿನಲ್ಲಿ ಕಪ್ಪಿಟ್ಟು ಕೂತಿದ್ದ ದುರ್ಬೀನನ್ನು ಕಂಡು ಪಾಪ ಅನ್ನಿಸಿತು. ಹಬ್ಬಕ್ಕೆ ಅದಕ್ಕೂ ಒಂದು ಸ್ನಾನ ಆಗಲಿ ಎಂದು ಹುಣಸೆಹಣ್ಣು, ಉಪ್ಪು ಹಚ್ಚಿ ಚೆನ್ನಾಗಿ ತಿಕ್ಕಿದೆ. ಹೊಸ ಚೊಂಬಿನ ಹಾಗೆ ಫಳಫಳ ಹೊಳೆಯಿತು. ಅಂಗಡಿಯಿಂದ ಬಂದವರು ಅದನ್ನು ನೋಡಿ ನಿಂತಲ್ಲೇ ಕುಸಿದು ಕೂತರು. "ಇನ್ನೂರು ವರ್ಷದ ಬಣ್ಣ ಕಣೇ ಅದು, ಒಂದೇ ಬೆಳಗ್ಗೆ ತೊಳೆದು ಬಚ್ಚಲಿಗೆ ಬಿಟ್ಯಲ್ಲೇ" ಅಂದರು. ನಾನು ಕೊಳೆ ಅನ್ನುವುದನ್ನು ಅವರು ಬಣ್ಣ ಅನ್ನುತ್ತಾರೆ. ಆ ಹಬ್ಬದ ಹೋಳಿಗೆಯನ್ನು ಮುಖ ಊದಿಸಿಕೊಂಡೇ ತಿಂದರು, ಆದರೆ ಬಿಡದೆ ತಿಂದರು.

ನಮ್ಮದು ಪಾತ್ರೆ ಅಂಗಡಿ, ಮನೆಯ ಮುಂಭಾಗದಲ್ಲೇ. ಹಳೆಯ ಹಿತ್ತಾಳೆ, ತಾಮ್ರ ತಂದುಕೊಟ್ಟು ಹೊಸ ಸ್ಟೀಲು ಒಯ್ಯುವವರೇ ಗಿರಾಕಿಗಳಲ್ಲಿ ಹೆಚ್ಚು. ಹಾಗೆ ಬಂದ ಮೂಟೆಯೊಂದರಲ್ಲಿ ಯಾವುದೋ ವಿಚಿತ್ರ ಸಾಮಾನು ಸಿಕ್ಕಿ, ಅದರ ಮೇಲೆ ಬಳ್ಳಿಯ ಹಾಗೆ ಸುತ್ತಿಕೊಂಡಿದ್ದ ಅಕ್ಷರಗಳನ್ನು ಓದಿಸಿ, ಅದು ಪ್ಯಾರಿಸ್ ಎಂದು ಗೊತ್ತಾದ ದಿನದಿಂದ ಮರುಳಸಿದ್ದಪ್ಪನವರು, ಅಂದರೆ ನಮ್ಮವರು, ಹೆಸರಿಗೆ ತಕ್ಕ ಹಾಗೆ ಮರುಳಾದರು. ಅದಕ್ಕೆ ಒಂದು ಕಥೆಯಿದೆ. ಅವರ ಮುತ್ತಜ್ಜನಿಗೂ ಹಿಂದಿನ ಕಾಲದಲ್ಲಿ ಫ್ರಾನ್ಸ್ ದೇಶದ ಕೆಲವರು ನಮ್ಮೂರಿನ ನಕ್ಷೆ ಬರೆಯಲು ಬಂದಿದ್ದರಂತೆ, ಗಾಡಿಗಟ್ಟಲೆ ಪೆಟ್ಟಿಗೆ ಹೇರಿಕೊಂಡು. ಬೇಸಿಗೆಯ ನಡುಮಧ್ಯಾಹ್ನ ಸೆಖೆ ಎಷ್ಟಿದೆ ಎಂದು ಪಾದರಸದ ಕೊಳವೆಯಲ್ಲಿ ಅಳೆದು, ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿದರು. ಸೆಖೆ ಅಲ್ಲೇ ನಿಂತಿತು. ಸಂಜೆಯಾದರೂ ಇಳಿಯಲಿಲ್ಲ, ಮಳೆ ಬಂದರೂ ತಣಿಯಲಿಲ್ಲ, ಕರೆದ ಹಾಲು ಕರೆದ ಹಾಗೇ ಒಡೆಯುತ್ತಿತ್ತು. ಕೊನೆಗೆ ಊರಿನ ಹೆಂಗಸರು ಸೌಟು, ಒನಕೆ ಹಿಡಿದು ಹೋಗಿ ಅದೇ ಕೊಳವೆಯಿಂದ ಇನ್ನೊಮ್ಮೆ ಅಳೆಸಿದರು. ಸೆಖೆ ಇಳಿಯಿತು. ಬಂದವರು ಪೆಟ್ಟಿಗೆಗಳನ್ನೆಲ್ಲ ಬಿಟ್ಟು, ನಕ್ಷೆಯನ್ನೂ ಬರೆಯದೆ, ಬಂದ ದಾರಿ ಹಿಡಿದರು. ಆಮೇಲೆ ಯಾರೂ ಬರೆಯಲಿಲ್ಲ.

ನಮ್ಮೂರು ಇರುವುದೇ ಹಾಗೆ. ಕಲ್ಲು, ಬಟ್ಟೆ, ಅಕ್ಕಿ, ಹಿತ್ತಾಳೆ ಇಂಥ ಸುಮ್ಮನಿರುವ ವಸ್ತುಗಳನ್ನು ಎಷ್ಟು ಬೇಕಾದರೂ ಅಳೆಯಿರಿ, ತೂಗಿರಿ. ಬೆಳೆಯುವುದನ್ನು, ಏರುವುದನ್ನು, ಇಳಿಯುವುದನ್ನು ಮಾತ್ರ ಅಳೆದು ಅಂಕಿಯನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅದು ಅಲ್ಲೇ ನಿಲ್ಲುತ್ತದೆ. ಅಳೆದ ಸಾಧನದಿಂದಲೇ ಮತ್ತೊಮ್ಮೆ ಅಳೆದು ಹೇಳಿದರೆ ಬಿಡುತ್ತದೆ. ನಮ್ಮ ಪೋಸ್ಟ್ ಮಾಸ್ಟರು ಚಿಕ್ಕವರಿದ್ದಾಗ ಹೊರಗಿನಿಂದ ಬಂದ ಸೋದರಮಾವ ಮುದ್ದಿನಿಂದ ಗೋಡೆಗೆ ನಿಲ್ಲಿಸಿ ಟೇಪು ಹಿಡಿದು ಎತ್ತರ ಹೇಳಿ, ಟೇಪನ್ನು ಜೇಬಿಗೆ ಹಾಕಿಕೊಂಡು ಊರಿಗೆ ಹೋಗಿಬಿಟ್ಟ. ಅವನನ್ನು ಹುಡುಕಿ ಟೇಪು ತರಿಸುವಷ್ಟರಲ್ಲಿ ಇವರ ತಮ್ಮ ಇವರನ್ನು ದಾಟಿ ಬೆಳೆದಿದ್ದ. ಈಗಲೂ ಅವರು ಕೌಂಟರಿನ ಹಿಂದೆ ಮಣೆಯ ಮೇಲೆ ನಿಂತೇ ಸ್ಟಾಂಪು ಕೊಡುತ್ತಾರೆ, ಬೇಸರವೇನೂ ಇಲ್ಲ. ಗಡಿಯಾರ ನೋಡಿ ಗಂಟೆ ಹೇಳಿದರೆ ಹೊತ್ತು ನಿಲ್ಲುವುದಿಲ್ಲವೇ ಎಂದು ಹೊರಗಿನವರು ಜಾಣತನ ತೋರಿಸುತ್ತಾರೆ. ಹೊತ್ತು ಯಾವ ಊರಿನ ಮಾತನ್ನೂ ಕೇಳುವುದಿಲ್ಲ, ನಮ್ಮೂರಿನದನ್ನೂ ಕೇಳುವುದಿಲ್ಲ.

ನಮಗೆ ಇದರಿಂದ ತೊಂದರೆಯೇನೂ ಆಗಿಲ್ಲ. ದರ್ಜಿ ಮಗು ಆಡುವುದನ್ನು ಬೀದಿಯಾಚೆಯಿಂದ ನೋಡಿ ಅಂಗಿ ಹೊಲಿಯುತ್ತಾನೆ. ಜ್ವರ ಬಂದರೆ ಹಣೆಗೆ ಅಂಗೈ ಹಿಂಭಾಗ ಇಟ್ಟು, ಬೆಚ್ಚಗಿದೆ ಅನ್ನುತ್ತೇವೆ, ಸುಡುತ್ತಿದೆ ಅನ್ನುತ್ತೇವೆ, ಅಷ್ಟಕ್ಕೇ ಕಷಾಯ ಬೇಕೋ ಡಾಕ್ಟರು ಬೇಕೋ ತಿಳಿದುಹೋಗುತ್ತದೆ. ಕದ್ದು ಅಳೆಯುವವರೂ ಇದ್ದಾರೆ ಅನ್ನಿ. ಕೊನೆಯ ಮಗಳು ಸೊಂಟದ ಮೇಲೆ ಕೂರಿಸಿಕೊಳ್ಳುವಷ್ಟೇ ಇರಲಿ ಎಂದು ಆಸೆಪಟ್ಟು, ಮಲಗಿದ್ದಾಗ ದಾರ ಹಿಡಿದ ತಾಯಂದಿರಿದ್ದಾರೆ. ಸಿಕ್ಕಿಬಿದ್ದರೆ ಊರೆಲ್ಲ ಸೇರಿ ಬೈಯುತ್ತದೆ. ಬೈದವರೇ ಮನೆಗೆ ಹೋಗಿ ತಮ್ಮ ಮಕ್ಕಳನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತಾರೆ.

ಫ್ರಾನ್ಸಿನವರು ಬಿಟ್ಟುಹೋದ ಸಾಮಾನು ಮಾತ್ರ ಊರಿನ ಮನೆಮನೆಗೂ ಹಂಚಿಹೋಗಿತ್ತು. ಅಳೆಯದ ಊರಿನಲ್ಲಿ ಅಳತೆಯ ಸಾಮಾನಿಗೆ ಬೇರೆ ಏನು ಕೆಲಸ? ದುರ್ಬೀನಿನ ಗಾಜು ಬಿದ್ದುಹೋಗಿ ಅದು ಮಠದ ಅಡುಗೆಮನೆಯಲ್ಲಿ ಊದುಕೊಳವೆಯಾಗಿತ್ತು. ಗಾಳಿಯನ್ನು ಹೀರಿ ತೆಗೆಯುವ ಯಂತ್ರದ ದೊಡ್ಡ ಗಾಜಿನ ಮುಚ್ಚಳದ ಕೆಳಗೆ ಶಾನುಭೋಗರ ಮನೆಯವರು ಮಾವಿನಕಾಯಿ ಉಪ್ಪಿನಕಾಯಿ ಇಟ್ಟಿದ್ದರು. ನೆತ್ತಿಯ ಮೇಲಿನ ಬಿಸಿಲು ಬಿದ್ದರೆ ತಾನಾಗಿ ಢಂ ಎಂದು ಹಾರಿ ಮಧ್ಯಾಹ್ನವಾಯಿತು ಎಂದು ಸಾರುವ ಬೊಗಸೆಯಷ್ಟು ಫಿರಂಗಿಯಲ್ಲಿ ಒಬ್ಬಾಕೆ ಏಲಕ್ಕಿ ಕುಟ್ಟುತ್ತಿದ್ದಳು. ವೈದ್ಯ ಕಲಿಯುವವರಿಗೆಂದು ಕಾಗದದ ಮುದ್ದೆಯಲ್ಲಿ ಮಾಡಿದ ಬುಟ್ಟಿಯಗಲದ ಕಿವಿಯೊಂದನ್ನು ಯಾರೋ ಕಿವುಡು ವಾಸಿಯಾಗಲೆಂದು ಅಮ್ಮನ ಗುಡಿಗೆ ಹರಕೆ ಒಪ್ಪಿಸಿದ್ದರು. ಇದನ್ನೆಲ್ಲ ನಮ್ಮವರು ಹೊಸ ಪಾತ್ರೆ ಕೊಟ್ಟು, ಕಾಡಿ, ಬೇಡಿ, ಗುಡಿಗೆ ಬೆಳ್ಳಿಯ ಕಿವಿ ಮಾಡಿಸಿಕೊಟ್ಟು ತಂದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೊಂದಕ್ಕೂ ಪಂಚೆಯ ಚೂರು ಹೊದಿಸಿದರು. ಅಂಕಿ ತೋರಿಸುವ ಮುಳ್ಳು ಇರುವುದಕ್ಕೆಲ್ಲ ಮುಳ್ಳು ಅಲುಗಾಡದ ಹಾಗೆ ಕೆಂಪು ದಾರ ಕಟ್ಟಿದರು. ಯಾರಾದರೂ ಮರೆತು ಅಳೆದುಬಿಟ್ಟರೆ ಎಂಬ ಭಯ. ದಾರ ಕಟ್ಟದೆ ಒಂದನ್ನೂ ಒಳಗಿಡುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಮಗಳು ನೀಲಾ ಬಾಣಂತನಕ್ಕೆ ಮನೆಗೆ ಬಂದಳು. ಇದು ಎರಡನೆಯದು. ಮೊದಲನೆಯದು ಅವಳ ಗಂಡನ ಊರಿನಲ್ಲಿ ಹುಟ್ಟಿತ್ತು, ಹುಟ್ಟಿ ಅಳಲಿಲ್ಲ. ಯಾರ ತಪ್ಪೂ ಇರಲಿಲ್ಲ ಅಂದರು. ಅದಾದ ಮೇಲೆ ನನ್ನ ಮಗಳು ನಗುವುದನ್ನು ನಾನು ನೋಡಿರಲಿಲ್ಲ. ಈ ಸಲ ಹಟ ಹಿಡಿದು ನಮ್ಮೂರಿಗೇ ಬಂದಳು, ತುಂಗಜ್ಜಿಯ ಕೈಯಲ್ಲೇ ಆಗಲಿ ಎಂದು. ತುಂಗಜ್ಜಿ ನಮ್ಮೂರಿನ ಸೂಲಗಿತ್ತಿ. ನೀಲಾಳನ್ನು ಹೊರಗೆ ತಂದವಳೂ ಅವಳೇ. ಮಗಳು ಬಂದ ದಿನವೇ ಹೊಟ್ಟೆಯ ಮೇಲೆ ಕೈಯಾಡಿಸಿ, "ಇನ್ನೇನು, ಮಾವಿನಕಾಯಿ ಹುಳಿ ಬಿಡೋ ಹೊತ್ಗೆ ಬತ್ತದೆ. ಏನ್ ಒದೀತದವ್ವ ಇದು, ಕತ್ತೆಮರಿ!" ಅಂದಳು. ನೀಲಾ ನಗಲಿಲ್ಲ. ಮಗು ಒದ್ದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, ಎಣ್ಣೆ ಕಾದಿದ್ದರೂ ಬಿಟ್ಟು, ಅದು ನಿಲ್ಲುವವರೆಗೂ ಹಾಗೇ ನಿಂತಿರುತ್ತಿದ್ದಳು.

ತುಂಗಜ್ಜಿಯನ್ನು ಕರೆಯಲು ಅವಳ ಮನೆಗೆ ಹೋಗಿದ್ದ ನಮ್ಮವರ ಕಣ್ಣು ಸುಮ್ಮನಿರಬೇಕಲ್ಲ. ಬಚ್ಚಲ ಒಲೆಯ ಪಕ್ಕದಲ್ಲಿ ಬಿಸಿನೀರಿನ ಪಾತ್ರೆ ಇಳಿಸಲು ಅವಳು ಬಳಸುತ್ತಿದ್ದ ಇಕ್ಕಳ ಕಂಡಿತು. ಹಿತ್ತಾಳೆಯದು. ಎರಡು ತೋಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿ, ತುದಿಯಲ್ಲಿ ಗುಂಡಗಾಗಿ ಮತ್ತೆ ಎದುರುಬದುರು ಬರುತ್ತವೆ. ಹಿಡಿಯ ಹತ್ತಿರ ಅರ್ಧಚಂದ್ರದಂಥ ಪಟ್ಟಿ, ಪಟ್ಟಿಯ ಮೇಲೆ ಕೂದಲೆಳೆಯ ಗೆರೆಗಳು, ಗೆರೆಗಳ ಮೇಲೆ ಓಡಾಡುವ ಮುಳ್ಳು. ನಾಲ್ಕು ತಲೆಮಾರಿನಿಂದ ಅದು ಆ ಮನೆಯಲ್ಲಿ ಇಕ್ಕಳವೇ. ಅಂಗಡಿಯ ಒಳ್ಳೆಯ ಸ್ಟೀಲು ಇಕ್ಕಳವೊಂದನ್ನು ಕೊಟ್ಟು, ಇದನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು, ಸಿಹಿ ತಂದವರ ಹಾಗೆ ಮನೆಗೆ ಬಂದರು.

"ಇದು ಇಕ್ಕಳ ಅಲ್ಲ ಕಣೇ," ಅಂದರು ನನಗೆ. "ಏನೋ ಗುಂಡಗಿರೋದನ್ನ ಅಳೆಯೋದು. ಫಿರಂಗಿ ಗುಂಡು ಇರಬಹುದು."

"ಗುಂಡಗಿರೋದು ಅಂದ್ರೆ ನಿಮ್ಮ ಹೊಟ್ಟೇನೂ ಇರಬಹುದು," ಅಂದೆ ನಾನು.

ಅಷ್ಟಕ್ಕೆ ನೀಲಾ ನಕ್ಕುಬಿಟ್ಟಳು. ಎಷ್ಟೋ ಕಾಲದ ಮೇಲೆ ಆ ನಗು ಕೇಳಿ ನಾನು ಒಗ್ಗರಣೆ ಮರೆತೆ. ಅವಳು ಎದ್ದು ಬಂದು ಅಪ್ಪನ ಕೈಯಿಂದ ಅದನ್ನು ತೆಗೆದುಕೊಂಡು, "ಕೊಡಪ್ಪ, ಒಂದು ಸಲ ನೋಡ್ತೀನಿ" ಎಂದು ಕಿಟಕಿಯ ಬೆಳಕಿಗೆ ಒಯ್ದಳು. ಇವರು ಕೆಂಪು ದಾರ ಹುಡುಕಲು ಕೋಣೆಗೆ ಹೋದರು, ನಾನು ಸೀದ ಒಗ್ಗರಣೆ ನೋಡಲು ಒಳಗೆ ಹೋದೆ. ಬಂದು ನೋಡಿದಾಗ ಅವಳು ಇಕ್ಕಳವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುಖ ತಿಳಿಯಾಗಿತ್ತು. ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ನಮ್ಮವರ ಹಳೇ ಸಾಮಾನಿನಿಂದ ಮೊದಲ ಸಲ ಒಂದು ಉಪಕಾರವಾಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಕೆಲವು ದಿನದಲ್ಲೇ ತುಂಗಜ್ಜಿ ಸ್ಟೀಲು ಇಕ್ಕಳವನ್ನು ಬೀಸಿಕೊಂಡು ಬಂದಳು. "ತಗಳಪ್ಪ ನಿನ್ನ ಬೆಳ್ಳಿ ಬೊಂಬೇನ! ಹಿಡಿದ್ರೆ ಜಾರ್ತದೆ, ಜಾರಿದ್ರೆ ಕಾಲು ಸುಡ್ತದೆ. ನನ್ನ ಇಕ್ಕಳ ನನಗೆ ಕೊಡು. ನಾಳೆ ನಿನ್ನ ಮಗಳಿಗೆ ಬಿಸಿನೀರು ಇಳ್ಸೋಳು ನಾನೇ ಅಲ್ವಾ?" ಅಂದಳು. ನಮ್ಮವರ ಮುಖ ಸಣ್ಣದಾಯಿತು. ಆದರೆ ಹೆರಿಗೆ ಮಾಡಿಸುವವಳ ಮನಸ್ಸು ನೋಯಿಸುವಷ್ಟು ಮರುಳು ಅವರಿಗೂ ಇರಲಿಲ್ಲ. ಕಟ್ಟಿದ್ದ ದಾರವನ್ನು ಬಿಚ್ಚಿ, ಕೊನೆಯ ಸಲ ಸವರಿ, ಇಕ್ಕಳವನ್ನು ಕೊಟ್ಟರು. ಮೂರು ದಿನ ಕೋಣೆಯಲ್ಲಿ ಆ ಜಾಗವನ್ನು ಖಾಲಿಯೇ ಬಿಟ್ಟಿದ್ದರು.

ಮಾವಿನಕಾಯಿ ಹುಳಿ ಬಿಟ್ಟು ಹಣ್ಣಾಯಿತು. ಹಣ್ಣು ಮುಗಿದು ಓಟೆಗಳು ಹಿತ್ತಲಲ್ಲಿ ಮೊಳೆತವು. ನೀಲಾಳ ಹೊಟ್ಟೆ ಹಾಗೇ ಇತ್ತು. ಅಳಿಯ ಶಂಭುಲಿಂಗ ದಿನ ಬಿಟ್ಟು ದಿನ ಫೋನು ಮಾಡಿ, ಇನ್ನೂ ಇಲ್ಲವೇ ಎಂದು ಕೇಳುವುದು, ನಾನು ಲೆಕ್ಕ ತಪ್ಪಿರಬೇಕು ಅನ್ನುವುದು ನಡೆದಿತ್ತು. ನೀಲಾ ಮಾತ್ರ ಗಾಬರಿಯಾಗಲಿಲ್ಲ. ಮೊದಮೊದಲು ಅವಳ ನೆಮ್ಮದಿ ನೋಡಿ ನನಗೂ ನೆಮ್ಮದಿ. ಆಮೇಲೆ ಅವಳು ಮತ್ತೆ ಮಾತು ಕಡಿಮೆ ಮಾಡಿದಳು. ಕೆಲಸದ ನಡುವೆ ನಿಲ್ಲುವುದು ಮತ್ತೆ ಶುರುವಾಯಿತು. ಈಗ ಅವಳು ಏನನ್ನೋ ಕಾಯುವವಳ ಹಾಗೆ ನಿಂತು, ಅದು ಬರದೆ, ಮತ್ತೆ ಕೆಲಸಕ್ಕೆ ಕೈಹಾಕುತ್ತಿದ್ದಳು. ನನಗೆ ಅದರ ಅರ್ಥವಾಗಲಿಲ್ಲ.

ಒಂದು ಬೆಳಗ್ಗೆ ತುಂಗಜ್ಜಿಯನ್ನು ಕರೆಸಿದೆ. ಅವಳು ಕೈಗೆ ಎಣ್ಣೆ ಸವರಿಕೊಂಡು ಮುಟ್ಟಿ ನೋಡಿದಳು, ಕಿವಿ ಇಟ್ಟು ಕೇಳಿದಳು, ಮತ್ತೆ ಮುಟ್ಟಿದಳು. ಅವಳ ಹರಟೆ ನಿಂತಿತು. ತುಂಗಜ್ಜಿ ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಜೀವ ಐತೆ," ಅಂದಳು ಕೊನೆಗೆ. "ಬೆಚ್ಚಗೈತೆ. ಆದ್ರೆ ಹೊಟ್ಟೆ ನಾನು ಅವತ್ತು ನೋಡ್ದಾಗ ಎಷ್ಟಿತ್ತೋ ಅಷ್ಟೇ ಐತೆ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಇಳ್ದಿಲ್ಲ. ಬೆಳೆಯೋಕೂ ಜಾಗ ಇಲ್ಲ, ಒದೆಯೋಕೂ ಜಾಗ ಇಲ್ಲ. ಯಾರೋ ಅಳೆದವ್ರೆ ಕಣವ್ವ."

ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಕೋಣೆಗೆ ಓಡಿದರು. ಒಂದೊಂದರ ಬಟ್ಟೆ ಸರಿಸಿ ದಾರಗಳನ್ನು ನೋಡುವ ಸದ್ದು ಒಳಗೆ ಕೇಳುತ್ತಿತ್ತು. ಎಲ್ಲ ದಾರಗಳೂ ಕಟ್ಟಿದ ಹಾಗೇ ಇದ್ದವು. "ನನ್ನವಲ್ಲ ಕಣೇ, ನನ್ನವು ಯಾವೂ ಅಲ್ಲ," ಎಂದು ಬಂದು ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಂಡು ಗೋಡೆಗೆ ಒರಗಿದರು. ನೀಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಇಬ್ಬರನ್ನೂ ಆಚೆ ಕಳಿಸಿ ಅವಳ ಪಕ್ಕ ಕೂತೆ.

"ನಾನೇ ಅಳ್ಕೊಂಡೆ ಅಮ್ಮ," ಅಂದಳು, ತಿರುಗದೆ. "ಆ ಇಕ್ಕಳದಲ್ಲಿ. ಅವತ್ತು ನೀನು ಒಳಗೆ ಹೋದೆಯಲ್ಲ."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಒಳಗಿದ್ರೆ ಏನೂ ಆಗಲ್ಲ ಅಲ್ವಾ ಅಮ್ಮ? ಹೊರಗೆ ಬಂದ ಮೇಲೆ ತಾನೆ ಅದು ಅಳಬೇಕು, ಉಸಿರಾಡಬೇಕು. ಒಳಗಿದ್ರೆ ನಾನೇ ಉಸಿರಾಡ್ತೀನಿ, ಅದಕ್ಕೂ ಆಗುತ್ತೆ. ಒದೀತಾ ಇತ್ತು, ಚೆನ್ನಾಗಿತ್ತು. ಹಿಂಗೇ ಇರಲಿ ಅಂತ ಅಂಕಿ ಓದ್ಬಿಟ್ಟೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಆ ಗಳಿಗೆಯಿಂದ ಒದೆಯೋದೇ ನಿಂತೋಯ್ತು. ಒಂದು ಸಲವೂ ಇಲ್ಲ. ಮಗು ಹೊತ್ಕೊಂಡಿದೀನೋ ಕಲ್ಲು ಹೊತ್ಕೊಂಡಿದೀನೋ ಗೊತ್ತಾಗ್ತಿಲ್ಲ. ಹೇಳೋಕೆ ಭಯ ಆಯ್ತು. ಬಿಡಿಸಿದ್ರೆ ಬರುತ್ತೆ. ಬಂದು ಆ ಸಲದ ಹಾಗೆ..."

ಬೈಯಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಏನೂ ಆಗುವುದಿಲ್ಲ ಎಂದು ಹೇಳಬೇಕು ಅನ್ನಿಸಿತು, ಅದನ್ನೂ ಹೇಳಲಿಲ್ಲ. ಹೋದ ಸಲ ಎಲ್ಲರೂ ಅವಳಿಗೆ ಅದನ್ನೇ ಹೇಳಿದ್ದೆವು. "ನಿನ್ನನ್ನ ಸ್ಕೂಲಿಗೆ ಸೇರಿಸೋ ಹಿಂದಿನ ದಿನ ನಾನೂ ದಾರ ಹಿಡ್ಕೊಂಡು ನಿನ್ನ ಹಾಸಿಗೆ ಹತ್ರ ಕೂತಿದ್ದೆ ಕಣೇ," ಅಂದೆ. "ಹಿಡ್ಕೊಂಡು ಕೂತಿದ್ದೆ ಅಷ್ಟೆ. ನೀನು ನಿದ್ದೆಯಲ್ಲಿ ನನಗೇ ಒಂದು ಒದೆ ಕೊಟ್ಟೆ. ದಾರ ಬಿಸಾಕಿದೆ." ಅವಳು ತಿರುಗಿ ನನ್ನ ಮುಖ ನೋಡಿದಳು. ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ತರಿಸು ಅಮ್ಮ ಇಕ್ಕಳಾನ. ನನಗೆ ಅದು ಒದೀಬೇಕು," ಅಂದಳು.

ವಿಷಯ ತಿಳಿದದ್ದೇ ತುಂಗಜ್ಜಿ ಎದ್ದು, ಈ ವಯಸ್ಸಿಗೂ ಓಡಿಯೇ ಹೋಗಿ, ಇಕ್ಕಳ ತಂದಳು. ತಂದವಳು ಅದನ್ನು ಸೆರಗಿನೊಳಗೇ ಹಿಡಿದುಕೊಂಡು ನಿಂತಳು. "ಬೈಬ್ಯಾಡಿ," ಅಂದಳು. "ಹೊಸ ಹಂಡೆ ತಂದಿದ್ದೆ, ದೊಡ್ಡದು. ಇದರ ಬಾಯಿಗೆ ಬತ್ತಿರಲಿಲ್ಲ. ಕಮ್ಮಾರನತ್ರ ತಗಂಡೋಗಿ ಕಾಯ್ಸಿ ಅಗಲ ಮಾಡ್ಸಿಬಿಟ್ಟೆ."

ಎರಡು ತೋಳುಗಳೂ ಮೊದಲಿಗಿಂತ ಬಹಳ ಹೊರಕ್ಕೆ ಬಾಗಿದ್ದವು. ನಮ್ಮವರು ಅದನ್ನು ಈಸಿಕೊಂಡು ಮಗಳ ಕೈಗೆ ಕೊಟ್ಟರು. ನೀಲಾ ಎದ್ದು ಕೂತು, ಅವತ್ತಿನ ಹಾಗೇ ತೋಳುಗಳ ತುದಿಯನ್ನು ಹೊಟ್ಟೆಯ ಎರಡು ಪಕ್ಕಕ್ಕೆ ತಾಗಿಸಿದಳು. ಅಷ್ಟು ಅಗಲಿಸಿದ್ದ ತೋಳುಗಳನ್ನು ಒಳಕ್ಕೆ ಒತ್ತಿ ತಾಗಿಸಬೇಕಾಯಿತು. ಮುಳ್ಳು ಗೆರೆಗಳ ಮೇಲೆ ಸರಸರ ಸರಿದು, ಕೊನೆಯ ಗೆರೆಯನ್ನೂ ದಾಟಿ, ಏನೂ ಕೊರೆಯದ ನುಣ್ಣನೆಯ ಹಿತ್ತಾಳೆಯ ಮೇಲೆ ನಿಂತಿತು. ಅಲ್ಲಿ ಗೆರೆಯಿಲ್ಲ, ಅಂಕಿಯಿಲ್ಲ. ಓದಲು ಏನೂ ಇರಲಿಲ್ಲ.

"ಮತ್ತೆ ಮೊದಲಿನಂಗೆ ಬಗ್ಗಿಸ್ತಾನೆ ಕಮ್ಮಾರ," ಅಂದಳು ತುಂಗಜ್ಜಿ.

"ಬೇಡ," ಅಂದರು ನಮ್ಮವರು. "ಒಂದು ಸಲ ಕಾಯಿಸಿ ಆಗಿದೆ. ಇನ್ನೊಂದು ಸಲ ಬಗ್ಗಿಸಿದ್ರೆ ಹಳೇ ಹಿತ್ತಾಳೆ ಮುರಿಯುತ್ತೆ. ಮುರಿದ್ರೆ ಅದು ಇದೇ ಸಾಧನ ಅಂತ ಹೇಗೆ ಹೇಳೋದು?" ಹಾಗೆಂದವರು ಅಂಗಡಿಗೆ ಹೋದರು.

ಅವರು ಬಂದಾಗ ಕೈಯಲ್ಲಿ ಹೆಸರು ಹೊಡೆಯುವ ಉಳಿ, ಸಣ್ಣ ಸುತ್ತಿಗೆ ಇದ್ದವು. ಮದುವೆಯ ಪಾತ್ರೆಗಳ ಮೇಲೆ ವಧುವರರ ಹೆಸರು, ಬಳುವಳಿ ಕೊಟ್ಟವರ ಹೆಸರು ಹೊಡೆಯುವುದು ನಮ್ಮ ಅಂಗಡಿಯ ದಿನನಿತ್ಯದ ಕೆಲಸ. ಊರಿನ ಯಾವ ಮನೆಯ ಲೋಟ ತಿರುಗಿಸಿದರೂ ನಮ್ಮವರ ಅಕ್ಷರ ಕಾಣುತ್ತದೆ. ಆದರೆ ಆ ಉಳಿಯನ್ನು ಅವರು ತಮ್ಮ ಕೋಣೆಯ ಹೊಸಿಲು ದಾಟಿಸಿದವರಲ್ಲ. ಫ್ರಾನ್ಸಿನ ಒಂದು ಸಾಮಾನಿಗೆ ಉಗುರು ತಾಗಿದರೆ ಉಸಿರು ಎಳೆದುಕೊಳ್ಳುವ ಮನುಷ್ಯ. ಈಗ ಇಕ್ಕಳವನ್ನು ಮಣೆಯ ಮೇಲಿಟ್ಟು ಮುಂದೆ ಕೂತರು. ಕೊನೆಯ ಎರಡು ಗೆರೆಗಳ ನಡುವಿನ ಅಂತರವನ್ನು ಗರಿಕೆ ಕಡ್ಡಿಯಲ್ಲಿ ಹಿಡಿದು, ಅದೇ ಅಂತರಕ್ಕೆ ಮುಂದಿನ ಗೆರೆ ಹೊಡೆಯಲು ಉಳಿ ಇಟ್ಟರು. ತೆಗೆದರು. ಮತ್ತೆ ಇಟ್ಟರು.

"ನಾನು ಹುಣಸೆಹಣ್ಣು ಹಚ್ಚಿದ್ದಕ್ಕೆ ಎಷ್ಟು ಕುಣಿದ್ರಿ," ಅಂದೆ. ಅಂಥ ಹೊತ್ತಿನಲ್ಲಿ ಯಾಕೆ ಹಾಗಂದೆನೋ. ಆದರೆ ಅವರ ತುಟಿ ಸ್ವಲ್ಪ ಅಲುಗಿತು, ಉಳಿ ಇಟ್ಟಲ್ಲೇ ನಿಂತಿತು.

"ಸುಮ್ನಿರೇ," ಅಂದರು, ಟಕ್ ಎಂದು ಹೊಡೆದರು.

ಒಂದೊಂದು ಏಟಿಗೂ ಇನ್ನೂರು ವರ್ಷದ ಬಣ್ಣ ಸಣ್ಣ ಚೂರಾಗಿ ಏಳುತ್ತಿತ್ತು. ಪಟ್ಟಿಯ ತುದಿಯವರೆಗೂ ಗೆರೆ ಎಳೆದರು. ಗೆರೆಗಳ ಕೆಳಗೆ ಫ್ರಾನ್ಸಿನವರ ಅಂಕಿ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ ಕನ್ನಡದ ಅಂಕಿ ಹೊಡೆದರು. ಲೋಟದ ಮೇಲೆ ಹೊಡೆಯುವ ಅದೇ ದುಂಡಗಿನ ಅಕ್ಷರ. ಊದಿ, ಪಂಚೆಯ ಅಂಚಿನಿಂದ ಒರೆಸಿ ಮಗಳ ಕೈಗೆ ಕೊಟ್ಟರು. ಇದನ್ನು ಅದೇ ಸಾಧನ ಎಂದು ನಮ್ಮೂರು ಒಪ್ಪುತ್ತದೆಯೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ.

ನೀಲಾ ತುದಿಗಳನ್ನು ತಾಗಿಸಿದಳು. ಮುಳ್ಳು ಸರಿದು ಅಪ್ಪನ ಗೆರೆಯ ಮೇಲೆ ನಿಂತಿತು. ಅವಳು ಅದನ್ನು ನೋಡುತ್ತಾ ಕೂತಳು. ಬಾಯಿ ತೆರೆಯಲಿಲ್ಲ. ತುಂಗಜ್ಜಿ ಏನೋ ಹೇಳಲು ಹೋದಳು, ನಾನು ಅವಳ ಮೊಣಕೈ ಹಿಡಿದೆ. ಅವಳ ಭಯಕ್ಕೆ ಅವಳೇ ಒಡತಿ, ಅದನ್ನು ನಾವು ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ.

"ಮೂವತ್ತನಾಲ್ಕು," ಅಂದಳು.

ಏನೂ ಆಗಲಿಲ್ಲ. ನಮ್ಮವರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ನೀಲಾಳ ಕೈಯಲ್ಲಿದ್ದ ಇಕ್ಕಳದ ಒಂದು ತೋಳು ಪಟ್ಟನೆ ಹೊರಕ್ಕೆ ಚಿಮ್ಮಿತು. ಒಳಗಿನಿಂದ ಯಾರೋ ತಳ್ಳಿದ್ದರು. ಇನ್ನೊಂದು ಸಲ ಚಿಮ್ಮಿತು. "ಒದೀತು!" ಎಂದು ನೀಲಾ ಕಿರುಚಿದಳು. "ಅಮ್ಮ, ಒದೀತು! ಅಯ್ಯೋ ಅಪ್ಪ, ಒದೀತಾ ಇದೆ, ನಿಲ್ಲಿಸ್ತಾನೇ ಇಲ್ಲ!" ನಗುತ್ತಾ ಅಳುತ್ತಾ ಅವಳು ಇಕ್ಕಳವನ್ನು ಎಸೆದಳು. ತುಂಗಜ್ಜಿ ಇಕ್ಕಳವನ್ನು ನೆಲದಿಂದ ಎತ್ತಿಕೊಂಡು, "ಇಷ್ಟು ದಿನದ ಸಿಟ್ಟೆಲ್ಲ ತೀರಿಸ್ಕೊತಾ ಐತೆ. ನೀರು ಕಾಯ್ಸಿ, ಇದು ಸಂಜೆವರೆಗೆ ಕಾಯಲ್ಲ" ಎಂದು ಗಂಡಸರನ್ನು ಹೊರಗೆ ದಬ್ಬಿದಳು. ಗಂಡಸರು ಅಂದರೆ ನಮ್ಮವರೊಬ್ಬರೇ.

ತುಂಗಜ್ಜಿ ಹೇಳಿದಂತೆಯೇ ಆಯಿತು. ಕಾದ ಹಂಡೆಯನ್ನು ಅವಳು ಅದೇ ಇಕ್ಕಳದಿಂದ ಇಳಿಸಿದಳು, ಹೊಸ ಅಂಕಿಗಳಿಗೆ ಮಸಿ ಹತ್ತಿತು. ನೀಲಾ ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದುಕೊಂಡಿದ್ದಳು. ಮಗು ಬಂತು. ಬಂದು ಸುಮ್ಮನಿತ್ತು. ಆ ಸುಮ್ಮನಿದ್ದ ಗಳಿಗೆಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ನೀಲಾ ನನ್ನ ಮುಖವನ್ನು ನೋಡುತ್ತಿದ್ದಳು, ಮಗುವನ್ನಲ್ಲ. ತುಂಗಜ್ಜಿ ಅದನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ಎರಡು ತಟ್ಟಿದಳು, "ಅಳು ನಮ್ಮವ್ವ, ಅಳು, ನಿಮ್ಮಜ್ಜ ಆಚೆ ಕಾಯ್ತಾ ಅವ್ನೆ," ಅಂದಳು. ಆಗ ಅತ್ತಿತು ನೋಡಿ. ಬೀದಿಯ ಕೊನೆಯ ಮನೆಯವರು ಕಿಟಕಿ ತೆರೆದು ನೋಡಿದರಂತೆ, ಅಷ್ಟು ಗಟ್ಟಿಯಾಗಿ ಅತ್ತಿತು.

ಹೊರಗೆ ಬಂದು ನೋಡಿದರೆ ನಮ್ಮವರು ಜಗುಲಿಯ ಮೇಲೆ, ಏನು ಮಾಡಲೂ ತೋಚದೆ, ಆ ಕಾಗದದ ದೊಡ್ಡ ಕಿವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಕೇಳಿಸ್ತೇನ್ರೀ?" ಅಂದೆ. "ಕೇಳಿಸ್ತು ಕಣೇ," ಅಂದವರು ಕಿವಿಯನ್ನು ಪಕ್ಕಕ್ಕಿಟ್ಟು ವಲ್ಲಿಯಿಂದ ಮುಖ ಮುಚ್ಚಿಕೊಂಡರು.

ಮಾರನೆಯ ದಿನ ಬಸ್ಸಿಳಿದು ಬಂದ ಅಳಿಯ ಚಪ್ಪಲಿ ಬಿಡುವ ಮೊದಲೇ, "ಮಗು ಎಷ್ಟು ಕೆಜಿ ಇದೆ ಅತ್ತೆ?" ಎಂದು ಕೇಳಿದ. ಮನೆಯಲ್ಲಿದ್ದವರೆಲ್ಲ ಒಟ್ಟಿಗೆ ಶ್ ಎಂದೆವು. ತುಂಗಜ್ಜಿ ಮಗುವನ್ನು ತಂದು ಅವನ ಕೈಗೆ ಹಾಕಿ, "ಇಷ್ಟೈತೆ ಕಣಪ್ಪ, ನೋಡ್ಕೊ," ಅಂದಳು. ಅವನು ನೋಡುತ್ತಾ ನಿಂತ, ನಿಂತೇ ಇದ್ದ. ಚಪ್ಪಲಿ ಕಾಲಲ್ಲೇ ಇತ್ತು, ಯಾರೂ ಬೈಯಲಿಲ್ಲ.

ಇಕ್ಕಳವನ್ನು ತುಂಗಜ್ಜಿ ನಮ್ಮವರಿಗೇ ಕೊಡಲು ಬಂದಿದ್ದಳು. ಇವರು ತೆಗೆದುಕೊಳ್ಳಲಿಲ್ಲ. "ನಿನ್ನ ಹಂಡೆಗೇ ಸರಿಯಾಗಿದೆ ಅಜ್ಜಿ, ಇಟ್ಕೊ," ಅಂದರು. ಅಂಕಿ ಕಾಣದ ಹಾಗೆ ಪಟ್ಟಿಗೆ ಕೆಂಪು ದಾರ ಸುತ್ತುವುದನ್ನು ಮಾತ್ರ ಮರೆಯಲಿಲ್ಲ. ಕೊಡುವ ಮೊದಲು ಹಿತ್ತಲಿಗೆ ಹೋಗಿ, ಮಸಿ ಹತ್ತಿದ್ದನ್ನು ತಾವೇ ತೊಳೆದರು. "ಸ್ವಲ್ಪ ಹುಣಸೆಹಣ್ಣು ಕೊಡೇ," ಎಂದು ನನ್ನನ್ನು ಕೇಳಿದಾಗ ನಾನು ಕೊಟ್ಟೆ, ಏನೂ ಅನ್ನದೆ ಕೊಟ್ಟೆ. ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದೂ ಅದೇ ಮೊದಲಿರಬೇಕು.

ಮೊನ್ನೆ ಮಗುವಿಗೆ ಎರೆದು, ದರ್ಜಿ ಹೊಲಿದುಕೊಟ್ಟಿದ್ದ ಹೊಸ ಜುಬ್ಬ ಹಾಕಲು ಹೋದರೆ ತೋಳೇ ಏರಲಿಲ್ಲ. ನೀಲಾ ಅದನ್ನು ಬಾವುಟದ ಹಾಗೆ ಎತ್ತಿ ಹಿಡಿದು, "ಅಮ್ಮ, ಬಿಗಿ ಆಗೋಯ್ತು! ಇದು ಬಿಗಿ ಆಗೋಯ್ತು!" ಎಂದು ಮನೆಯೆಲ್ಲ ಕೇಳುವ ಹಾಗೆ ಕೂಗಿದಳು. ನಾನು ಒಲೆ ಬಿಟ್ಟು ಓಡಿದೆ, ನಮ್ಮವರು ಅಂಗಡಿ ಬಿಟ್ಟು ಓಡಿ ಬಂದರು. ಮೂವರೂ ಆ ಜುಬ್ಬವನ್ನು ಹಿಡಿದುಕೊಂಡು ನಕ್ಕೆವು. ಎಷ್ಟು ಬಿಗಿ ಎಂದು ಯಾರೂ ಕೇಳಲಿಲ್ಲ.